ಪಕ್ಕದ ಕಾರಿನ ಹಾಡು ನಮ್ಮ ರೇಡಿಯೋಗೆ ಏಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಈಚೆಗೆ ನನ್ನ ಅಂಗಡಿಗೆ ಬರುತ್ತಿರುವ ಒಂದು ದೂರು ಯಾವ ಬೆಸುಗೆಯಿಂದಲೂ ಸರಿಹೋಗುವಂಥದ್ದಲ್ಲ. ಅದನ್ನು ನಿಮ್ಮ ಓದುಗರ, ಅದರಲ್ಲೂ ಕಾರು ಇಟ್ಟುಕೊಂಡಿರುವ ಓದುಗರ, ಗಮನಕ್ಕೆ ತರಲೇಬೇಕೆಂದು ಬರೆಯುತ್ತಿದ್ದೇನೆ.

ಎಪ್ಪತ್ತು ದಾಟಿದ ತಾಯಿಯೊಬ್ಬರು ಅಂಗೈಯಗಲದ ರೇಡಿಯೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂರು ಸಲ ಬಂದರು. ‘ನಡುನಡುವೆ ಮಾತು ನಿಂತುಹೋಗುತ್ತದಪ್ಪ, ಆಮೇಲೆ ತಾನಾಗಿಯೇ ಬರುತ್ತದೆ. ಒಮ್ಮೊಮ್ಮೆ ಯಾವುದೋ ಹಿಂದಿ ಹಾಡು ಕೇಳಿಸುತ್ತದೆ’ ಎಂದರು. ವಾಲ್ಯೂಮ್ ಕಂಟ್ರೋಲ್ ಬದಲಿಸಿದೆ. ಸೆಲ್ ಕೂರುವ ಸ್ಪ್ರಿಂಗನ್ನು ಉಜ್ಜಿದೆ. ಆಂಟೆನಾದ ಬುಡಕ್ಕೆ ಹೊಸದಾಗಿ ಬೆಸುಗೆ ಹಾಕಿದೆ. ಅಂಗಡಿಯಲ್ಲಿ ಅದು ದಿನವಿಡೀ ಚೆನ್ನಾಗಿ ಹಾಡಿತು, ಮನೆಗೆ ಹೋದರೆ ಮತ್ತೆ ಅದೇ ಕಥೆ. ಮೂರನೆಯ ಸಲ ದುಡ್ಡು ತೆಗೆದುಕೊಳ್ಳಲು ಮನಸ್ಸಾಗದೆ ಅವರ ಜೊತೆಯಲ್ಲೇ ಹೊರಟೆ.

ಅವರದು ರಸ್ತೆಗೆ ಅಂಟಿಕೊಂಡ ಮನೆ. ಕಿಟಕಿ ತೆರೆದರೆ ಎದುರಿಗೇ ಟ್ರಾಫಿಕ್ ಸಿಗ್ನಲ್. ಶನಿವಾರ ಮಧ್ಯಾಹ್ನ 90.4ರ ಸಮುದಾಯ ಬಾನುಲಿಯಲ್ಲಿ ಶಾಲಾಮಕ್ಕಳ ಕಾರ್ಯಕ್ರಮವಿತ್ತು, ಅದರಲ್ಲಿ ಅವರ ಮೊಮ್ಮಗಳು ಪದ್ಯ ಓದುವವಳಿದ್ದಳು. ಮಗು ತನ್ನ ಹೆಸರು ಹೇಳಿ ಮೊದಲ ಸಾಲು ಓದಿತು. ಅಷ್ಟರಲ್ಲಿ ಕೆಂಪು ದೀಪ ಬಿತ್ತು, ಕಿಟಕಿಯ ಕೆಳಗೆ ಕಾರುಗಳು ಬಂದು ನಿಂತವು. ಎರಡನೆಯ ಸಾಲಿನ ನಡುವೆಯೇ ದನಿ ಕಡಿದುಹೋಯಿತು. ಗೊರಗೊರ ಸದ್ದಿಲ್ಲ, ಸೀಟಿಯಿಲ್ಲ, ಬರಿಯ ಮೌನ. ನಮ್ಮ ಕಸುಬಿನವರಿಗೆ ಈ ಮೌನವೇ ದೊಡ್ಡ ಸುಳಿವು. ಸ್ಟೇಷನ್ ಸಿಗದಿದ್ದರೆ ಇಂಥ ರೇಡಿಯೋ ಗೊರಗುಟ್ಟಬೇಕು. ಸುಮ್ಮನಾಯಿತೆಂದರೆ ಅದೇ ಕಂಪನಾಂಕದಲ್ಲಿ ಇನ್ನೊಂದು ಪ್ರಸಾರಕ ಬಂದು ಕುಳಿತಿದೆ, ಆದರೆ ಸದ್ಯಕ್ಕೆ ಏನನ್ನೂ ನುಡಿಸುತ್ತಿಲ್ಲ ಎಂದರ್ಥ. ಅರ್ಧ ನಿಮಿಷದಲ್ಲಿ ಸಿನಿಮಾ ಹಾಡು ಶುರುವಾಯಿತು. ಹಸಿರು ದೀಪ ಬಂದು ಕಾರುಗಳು ಸರಿದಾಗ ಮಗುವಿನ ದನಿ ಮರಳಿತು, ‘ಧನ್ಯವಾದಗಳು’ ಎನ್ನುತ್ತಿತ್ತು. ಆ ತಾಯಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡೇ ಇದ್ದರು. ‘ಮುಗಿದೇಹೋಯಿತೇನಪ್ಪ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಇದಕ್ಕೆ ಕಾರಣ ಕಾರಿನ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಎಫ್.ಎಂ. ಟ್ರಾನ್ಸ್‌ಮಿಟರ್. ಬ್ಲೂಟೂತ್ ಇಲ್ಲದ ಹಳೆಯ ಕಾರಿನ ಸ್ಟೀರಿಯೋದಲ್ಲಿ ಮೊಬೈಲಿನ ಹಾಡು ಕೇಳಲು ಜನ ಇದನ್ನು ಕೊಳ್ಳುತ್ತಾರೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊಬೈಲಿನಿಂದ ಹಾಡನ್ನು ಪಡೆದು, 87.5ರಿಂದ 108 ಮೆಗಾಹರ್ಟ್ಸ್‌ವರೆಗೆ ನಾವು ಆರಿಸಿದ ಸಂಖ್ಯೆಯಲ್ಲಿ ಮರುಪ್ರಸಾರ ಮಾಡುವುದು ಇದರ ಕೆಲಸ. ಕೊಂಡವರಿಗೆ ಇದು ಚಾರ್ಜರಿನಂತೆ ಕಾಣುತ್ತದೆ, ನಿಜಕ್ಕೂ ಇದೊಂದು ಪುಟ್ಟ ಬಾನುಲಿ ಕೇಂದ್ರ. ಹಾಡು ನಿಲ್ಲಿಸಿದರೂ ಸಾಧನ ತೂತಿನಲ್ಲಿರುವ ತನಕ ಸಾಮಾನ್ಯವಾಗಿ ಅದರ ತರಂಗ ಹೊರಡುತ್ತಲೇ ಇರುತ್ತದೆ.

ಮೀಡಿಯಂ ವೇವ್‌ನಲ್ಲಿ ಎರಡು ಕೇಂದ್ರಗಳು ಡಿಕ್ಕಿ ಹೊಡೆದರೆ ಎರಡರ ದನಿಯೂ ಕಲಸಿಕೊಂಡು ಕೇಳಿಸುತ್ತದೆ. ಎಫ್.ಎಂ.ನ ಗುಣ ಬೇರೆ. ರೇಡಿಯೋ ಇರುವ ಜಾಗದಲ್ಲಿ ಯಾವ ತರಂಗ ಬಲವಾಗಿದೆಯೋ ಅದನ್ನೇ ಅದು ಹಿಡಿಯುತ್ತದೆ, ಬಲಹೀನವಾದದ್ದನ್ನು ಅಳಿಸಿಯೇ ಬಿಡುತ್ತದೆ. ಸಮುದಾಯ ಬಾನುಲಿಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಅನುಮತಿಸುವ ವಿಕಿರಣ ಶಕ್ತಿ 100 ವ್ಯಾಟ್‌ವರೆಗೆ ಮಾತ್ರ. ಹಲವು ಕಿಲೋಮೀಟರ್ ದೂರದಿಂದ ಸೋತು ಬರುವ ಆ ತರಂಗ, ಕಿಟಕಿಯ ಕೆಳಗೇ ನಿಂತ ಟ್ರಾನ್ಸ್‌ಮಿಟರಿನ ಮುಂದೆ ನಿಲ್ಲಲಾರದು. ಕಾರಿನವರು ಹಾಡು ಸ್ಪಷ್ಟವಾಗಿರಲೆಂದು ದೊಡ್ಡ ಖಾಸಗಿ ಕೇಂದ್ರಗಳ ಸಂಖ್ಯೆ ಬಿಟ್ಟು, ಖಾಲಿ ಕಂಡದ್ದನ್ನು ಹುಡುಕುತ್ತಾರೆ. ಹಾಗೆ ಹುಡುಕುವವರಿಗೆ ಈ ಸಣ್ಣ ಕೇಂದ್ರಗಳ ಸಂಖ್ಯೆಯೇ ಖಾಲಿಯಂತೆ ಕಾಣುತ್ತದೆ. ಮಣಿಪಾಲದ ಸಮುದಾಯ ಬಾನುಲಿ ಇರುವುದೂ 90.4ರಲ್ಲೇ, ಮಂಗಳೂರಿನ ಸಾರಂಗ್ 107.8ರಲ್ಲಿದೆ. ಒಂದು ಊರಿನಲ್ಲಿ ಖಾಲಿಯಿದ್ದ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಂಡು ಇನ್ನೊಂದು ಊರಿಗೆ ಬಂದರೆ ಆಕಾಶವಾಣಿಯ ಮೇಲೂ ಇದೇ ದಾಳಿ ನಡೆಯುತ್ತದೆ.

ಬೇರೆ ದೇಶಗಳು ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ. ಬ್ರಿಟನ್ನಿನಲ್ಲಿ 2006ರ ಡಿಸೆಂಬರ್ ತನಕ ಇಂಥ ಸಾಧನದ ಬಳಕೆಗೇ ಅನುಮತಿ ಇರಲಿಲ್ಲ. ಆಮೇಲೆ ಅನುಮತಿ ಕೊಟ್ಟದ್ದೂ 50 ನ್ಯಾನೋವ್ಯಾಟ್ ಮಿತಿಯೊಳಗೆ, ಅಂದರೆ ಒಂದು ವ್ಯಾಟನ್ನು ಎರಡು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ. ಅದೇ ವರ್ಷ ಅಮೆರಿಕದಲ್ಲಿ ಉಪಗ್ರಹ ರೇಡಿಯೋ ಕಂಪನಿಗಳಾದ ಎಕ್ಸ್‌ಎಂ ಮತ್ತು ಸಿರಿಯಸ್‌ನ ಕೆಲವು ಕಾರ್ ಸಾಧನಗಳು ಮಿತಿ ಮೀರಿ ಪ್ರಸಾರ ಮಾಡುತ್ತಿರುವುದು ಬಯಲಾಯಿತು. ಈ ಉಲ್ಲಂಘನೆಯೂ ಉಪಗ್ರಹದ ಪ್ರಸಾರವನ್ನು ನೆಲದಿಂದ ಮತ್ತೆ ಹರಡುವ ಅವರ ಮರುಪ್ರಸಾರಕಗಳ ಉಲ್ಲಂಘನೆಯೂ ಸೇರಿ 2008ರಲ್ಲಿ ಎರಡೂ ಕಂಪನಿಗಳು ಒಟ್ಟು 1.97 ಕೋಟಿ ಡಾಲರ್ ಕಟ್ಟಬೇಕಾಯಿತು.

ನಮ್ಮ ಮಾರುಕಟ್ಟೆಯಲ್ಲಿ ‘ಹೆಚ್ಚು ದೂರ ಹಿಡಿಯುತ್ತದೆ’ ಎಂಬುದೇ ಮಾರಾಟದ ಮಾತು. ರಿಪೇರಿಗೆ ಬಂದ ಒಂದು ಸಾಧನವನ್ನು ಮೇಜಿನ ಮೇಲೆ ಚಾಲೂ ಮಾಡಿ, ರೇಡಿಯೋ ಹಿಡಿದು ಬೀದಿಗಿಳಿದೆ. ಮೂವತ್ತು ಹೆಜ್ಜೆ ದಾಟಿದರೂ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು. ಕಾರಿನೊಳಗೆ ಡ್ಯಾಶ್‌ಬೋರ್ಡಿನಿಂದ ಆಂಟೆನಾ ಮುಟ್ಟಲು ಇಷ್ಟು ಶಕ್ತಿ ಯಾರಿಗೆ ಬೇಕು? ಪೆಟ್ಟಿಗೆಯ ಮೇಲೆ ತಯಾರಕರ ವಿಳಾಸವಾಗಲಿ ಶಕ್ತಿಯ ಪ್ರಮಾಣವಾಗಲಿ ಇರಲಿಲ್ಲ.

ವಾಕಿಟಾಕಿಗಳನ್ನು ಆನ್‌ಲೈನ್‌ನಲ್ಲಿ ಬೇಕಾಬಿಟ್ಟಿ ಮಾರುತ್ತಿದ್ದುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಗಮನಿಸಿ, ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು. ಈ ಟ್ರಾನ್ಸ್‌ಮಿಟರುಗಳ ಮೇಲೂ ಅದೇ ಬಿಗಿ ಇರಲಿ. ದೂರಸಂಪರ್ಕ ಇಲಾಖೆ ಅಂಗಡಿಗಳಿಂದ ನಾಲ್ಕಾರು ಸಾಧನಗಳನ್ನು ತರಿಸಿ ಅಳೆಯಲಿ. ಮಿತಿ ಮೀರಿದವನ್ನು ಮಾರಾಟದಿಂದ ತೆಗೆಸಲಿ.

ಕಾರಿನವರಲ್ಲೂ ಬೇಡಿಕೊಳ್ಳುತ್ತೇನೆ. ನಿಮ್ಮ ಸ್ಟೀರಿಯೋದಲ್ಲಿ ಆಕ್ಸ್ ತೂತು ಇದ್ದರೆ ಒಂದು ವೈರು ಸಾಕು, ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಕ್ಯಾಸೆಟ್ ಪ್ಲೇಯರ್ ಇದ್ದರೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಸಿಗುತ್ತದೆ. ಟ್ರಾನ್ಸ್‌ಮಿಟರ್ ಅನಿವಾರ್ಯವಾದರೆ, ಊರು ಬದಲಾದಾಗಲೆಲ್ಲ ಮೊದಲು ಅದನ್ನು ಕಿತ್ತಿಟ್ಟು ಆ ಸಂಖ್ಯೆಯಲ್ಲಿ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕೇಳಿ ನೋಡಿ. ಹಾಡು ಬೇಡವಾದಾಗ ಕಿತ್ತಿಡಿ.

ಆ ತಾಯಿಯ ರೇಡಿಯೋವನ್ನು ಹಿಂದಿನ ಅಡುಗೆಮನೆಯ ಕಿಟಕಿಗೆ ಸ್ಥಳಾಂತರಿಸಿ, ಆಂಟೆನಾಕ್ಕೆ ಎರಡು ಮೊಳ ತಂತಿ ಕಟ್ಟಿ ಬಂದಿದ್ದೇನೆ. ಸ್ವಲ್ಪ ಮಟ್ಟಿಗೆ ವಾಸಿ. ಮೊಮ್ಮಗಳ ಸರದಿ ಮುಂದಿನ ತಿಂಗಳು ಮತ್ತೆ ಬರುತ್ತದೆಯಂತೆ. ಬೆಂಗಳೂರಿನಲ್ಲಿ ಓಡಾಡುವ ನಿಮ್ಮ ಕಾರಿನ ಸಾಧನದಲ್ಲಿ 90.4 ಎಂದಿದ್ದರೆ, ದಯವಿಟ್ಟು ಇವತ್ತೇ ಬದಲಿಸಿ.

— ಒಬ್ಬ ರೇಡಿಯೋ ಮೆಕ್ಯಾನಿಕ್, ಬೆಂಗಳೂರು