ಹಾಡುಗಾರ ಮಂತ್ರಿಯಾದಾಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲಿದೆ. "ಸಂಸ್ಕೃತಿಗೆ ಅಂತ ಒಬ್ಬ ಮಂತ್ರಿ ಯಾಕೆ? ಡೊಳ್ಳು ಬಾರಿಸೋಕೆ ಮಂತ್ರಿ ಬೇಕಾ?" ಧನಸಹಾಯದ ಅರ್ಜಿ ಹಿಡಿದು ಮೂರು ಸಲ ಅಲೆದು ಬಂದವನ ಮಾತು ಅದು. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿ ಮಲಗಿದ ಮೇಲೆ ಬ್ರೆಜಿಲ್‌ನ ಜಿಲ್ಬೆರ್ಟೊ ಜಿಲ್ ನೆನಪಾದರು.

ಜಿಲ್ ಆ ದೇಶದ ದೊಡ್ಡ ಹಾಡುಗಾರರು. 1968ರ ಕೊನೆಯಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಅವರನ್ನೂ ಅವರ ಗೆಳೆಯ ಕಯೆಟಾನೊ ವೆಲೋಸೊ ಅವರನ್ನೂ ಹಿಡಿದು ಜೈಲಿಗೆ ಹಾಕಿತು. ಆಮೇಲೆ ದೇಶ ಬಿಡಿಸಿತು. 1972ರಲ್ಲಿ ಊರಿಗೆ ಮರಳುವವರೆಗೆ ಇಬ್ಬರೂ ಲಂಡನ್‌ನಲ್ಲಿದ್ದರು. ಅದೇ ಜಿಲ್ ಅವರನ್ನು 2003ರಲ್ಲಿ ಅಧ್ಯಕ್ಷ ಲೂಲಾ ಸಂಸ್ಕೃತಿ ಮಂತ್ರಿ ಮಾಡಿದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲಿ ಅವರು ಜಪಾನಿನ 'ದೋ-ಇನ್' ಮಾಲೀಶಿನ ಮಾತು ತೆಗೆದರು. ಮೈಯ ಕೆಲವು ಜಾಗಗಳನ್ನು ಬೆರಳಿನಿಂದ ಒತ್ತಿ ಚೈತನ್ಯ ತರುವ ಪದ್ಧತಿ ಅದು. ಸರ್ಕಾರ ದೇಶದ ಮೈಗೂ ಹಾಗೇ ಮಾಡಬೇಕು ಅನ್ನುವುದು ಅವರ ವಿಚಾರ. ಅಂದರೆ ಸಂಸ್ಕೃತಿಯನ್ನು ಸರ್ಕಾರ ತಯಾರಿಸುವುದಿಲ್ಲ. ಅದು ಆಗಲೇ ಇದೆ. ಎಲ್ಲಿದೆ ಅಂತ ಹುಡುಕಿ ಅಲ್ಲಿ ಒತ್ತಬೇಕು, ಅಷ್ಟೇ.

ಆ ಮಾತು ಭಾಷಣದಲ್ಲೇ ಉಳಿಯಲಿಲ್ಲ, ಅದೇ ನನಗೆ ಹಿಡಿಸಿದ್ದು. 2004ರಲ್ಲಿ 'ಸಂಸ್ಕೃತಿಯ ಬಿಂದುಗಳು' ಅನ್ನುವ ಯೋಜನೆ ಶುರುವಾಯಿತು. ಅದನ್ನು ಕಟ್ಟಿ ನಡೆಸಿದವರು ಸಚಿವಾಲಯದ ಸೆಲಿಯೊ ತುರಿನೊ ಎಂಬ ಇತಿಹಾಸಕಾರರು. ಹೊಸ ಭವನ ಕಟ್ಟಿಸಲು ಹೊರಡಲಿಲ್ಲ. ಸಾಂಬಾ ಕುಣಿಯುವವರು, ಕಾಳಗವೂ ಕುಣಿತವೂ ಬೆರೆತ ಕಪೋಯೆರಾ ಆಡುವವರು, ಕಾಡಿನ ಮೂಲನಿವಾಸಿಗಳು, ಕೊಳೆಗೇರಿಯ ಹಿಪ್‌ಹಾಪ್ ಹುಡುಗರು, ಹೀಗೆ ಯಾರು ವರ್ಷಗಳಿಂದ ಸುಮ್ನೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೋ ಅವರಿಂದಲೇ ಅರ್ಜಿ ಕರೆದರು. ಆಯ್ಕೆಯಾದ ತಂಡಕ್ಕೆ ಮೂರು ವರ್ಷದ ನೆರವು. ಜೊತೆಗೆ ಕಂಪ್ಯೂಟರ್, ಕ್ಯಾಮೆರಾ, ಧ್ವನಿ ಮುದ್ರಣದ ಸಲಕರಣೆ. ಸಾಫ್ಟ್‌ವೇರ್ ಎಲ್ಲ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ನಮ್ಮ ಹಾಡನ್ನು ನಾವೇ ದಾಖಲಿಸಿಕೊಳ್ಳಬೇಕು, ಅಲ್ವಾ? 2010ರ ಹೊತ್ತಿಗೆ ಇಂಥ ಬಿಂದುಗಳು 2,000 ದಾಟಿದ್ದವು.

ಎಲ್ಲವೂ ಸರಿ ಇತ್ತು ಅಂತಲ್ಲ. ಕಂತಿನ ಹಣ ತಡವಾಗುತ್ತಿತ್ತು. ಲೆಕ್ಕ ಒಪ್ಪಿಸುವ ನಿಯಮಗಳು ದೊಡ್ಡ ಗುತ್ತಿಗೆದಾರರಿಗೆ ಸರಿ, ಡೋಲು ಬಾರಿಸುವ ಅಜ್ಜನಿಗಲ್ಲ. ಎಷ್ಟೋ ತಂಡಗಳು ರಸೀದಿಗಳ ರಾಶಿಯಲ್ಲಿ ಸುಸ್ತಾದವು. ನಿನ್ನ ಮುಖ ಕಣ್ಣ ಮುಂದೆ ಬಂತು ನೋಡು. ಕೊನೆಗೆ 2014ರಲ್ಲಿ ಈ ಯೋಜನೆಗೇ ಒಂದು ಕಾನೂನು ಬಂತು.

ಜಿಲ್ 2008ರಲ್ಲಿ ಖಾತೆ ಬಿಟ್ಟು ಹಾಡಿಗೆ ಮರಳಿದರು. ಆದರೆ 'ಸಂಸ್ಕೃತಿಗೆ ಮಂತ್ರಿ ಯಾಕೆ' ಅನ್ನುವ ನಿನ್ನ ಪ್ರಶ್ನೆಗೆ ಉತ್ತರ ಇರುವುದು ಆಮೇಲಿನ ಕಥೆಯಲ್ಲಿ. 2016ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಸಂಸ್ಕೃತಿ ಸಚಿವಾಲಯವನ್ನೇ ತೆಗೆದು ಶಿಕ್ಷಣ ಖಾತೆಗೆ ಸೇರಿಸಿತು. ಕಲಾವಿದರು ಊರೂರುಗಳಲ್ಲಿ ಆ ಇಲಾಖೆಯ ಕಟ್ಟಡಗಳಿಗೆ ನುಗ್ಗಿ ಅಲ್ಲೇ ಬಿಡಾರ ಹೂಡಿದರು. ರಿಯೊದ ಕಟ್ಟಡದಲ್ಲಿ ವೆಲೋಸೊ ಬಂದು ಹಾಡಿದರು. ಎರಡು ವಾರ ತುಂಬುವ ಮೊದಲೇ ಸರ್ಕಾರ ಮಣಿಯಿತು. 2019ರಲ್ಲಿ ಹೊಸ ಅಧ್ಯಕ್ಷ ಬೋಲ್ಸೊನಾರೊ ಮತ್ತೆ ಅದನ್ನು ಮುಚ್ಚಿದರು. 2023ರಲ್ಲಿ ಲೂಲಾ ತಿರುಗಿ ತೆರೆದಾಗ ಮಂತ್ರಿಯಾಗಿ ಬಂದವರು ಮಾರ್ಗರೆತ್ ಮೆನೆಜೆಸ್. ಜಿಲ್ ಅವರ ಬಹಿಯಾ ರಾಜ್ಯದವರೇ, ಅವರೂ ಹಾಡುಗಾರ್ತಿ.

ಯೋಚಿಸು. ಜನ ಯಾವುದಾದರೂ ಸರ್ಕಾರಿ ಕಚೇರಿ ಮುಚ್ಚಬೇಡಿ ಅಂತ ಅಲ್ಲೇ ಮಲಗಿ ಹಟ ಹಿಡಿಯುವುದನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಆ ಕಚೇರಿ ಒಂದು ಸಲವಾದರೂ ತಮ್ಮ ಬಾಗಿಲಿಗೆ ಬಂದಿತ್ತು ಅನ್ನುವ ನೆನಪಿಲ್ಲದೆ ಹಾಗೆ ಮಾಡುವುದಿಲ್ಲ. ಮಂತ್ರಿ ಬೇಕು ಕಣೋ. ಹಾರ ಹಾಕಿಸಿಕೊಂಡು ದೀಪ ಹಚ್ಚಿ ಹೋಗುವುದಕ್ಕಲ್ಲ. ನಿನ್ನ ತಂಡದ ಹುಡುಗರು ರಾತ್ರಿ ಎಲ್ಲಿ ತಾಲೀಮು ಮಾಡುತ್ತಾರೆ ಅಂತ ತಿಳಿದುಕೊಳ್ಳುವುದಕ್ಕೆ.

ಅರ್ಜಿಯ ನಕಲು ಹರಿದು ಹಾಕಬೇಡ. ಭಾನುವಾರ ಬರುತ್ತೇನೆ, ಕೂತು ಇನ್ನೊಂದು ಬರೆಯೋಣ. ಡೊಳ್ಳಿಗೆ ಚರ್ಮ ಹಾಕಿಸಿದ ಚೀಟಿ, ಟೆಂಪೋ ಬಾಡಿಗೆಯ ಚೀಟಿ, ಎಲ್ಲ ಎತ್ತಿಡು.

ಇಂತಿ ನಿನ್ನ ಗೆಳೆಯ