ಅಡಿಕೆ ಧಾರಣೆಯ ಪಕ್ಕ ರ‍್ಯಾಮ್ ದರಕ್ಕೂ ಒಂದಿಷ್ಟು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಪೇಪರ್ ಬಂದ ಕೂಡಲೇ ನಮ್ಮ ಕಡೆ ಹೆಚ್ಚಿನವರು ಮೊದಲು ತೆಗೆಯುವುದು ಅಡಿಕೆ ಧಾರಣೆಯ ಪುಟ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದಕ್ಕೂ ಒಂದೊಂದು ಸಾಲು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಎರಡೂ ಇರುತ್ತದೆ. ಅದನ್ನು ನೋಡಿಕೊಂಡು ಮಂಡಿಗೆ ಹೋದವನಿಗೆ ಬಾಯಿಗೆ ಬಂದ ರೇಟ್ ಹೇಳಿ ಯಾಮಾರಿಸುವುದು ಕಷ್ಟ. ವಾರಕ್ಕೊಂದು ಸಲ ಕಂಪ್ಯೂಟರ್ ರ‍್ಯಾಮ್, ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ದರವನ್ನೂ ಇದೇ ಥರ ಹಾಕಿ ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಎರಡೂ ಫೈಲ್ ಉಳಿಸಿಡುವ ಭಾಗ, ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ವೇಗ ಜಾಸ್ತಿ.

ನಾನು ಸಾಗರ ತಾಲ್ಲೂಕಿನಲ್ಲಿ ಗಣಿತ ಮೇಷ್ಟ್ರು. ನಮ್ಮಲ್ಲಿ ಕಲಿತ ಮಕ್ಕಳು ಡಿಪ್ಲೊಮಾ, ಎಂಜಿನಿಯರಿಂಗ್ ಅಂತ ಹೋದ ಮೇಲೆ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. "ಸರ್, ತುಂಬಾ ಸ್ಲೋ ಆಗಿದೆ, ಹೊಸದು ತಗೊಳ್ಳೋಕೆ ಮನೇಲಿ ದುಡ್ಡಿಲ್ಲ" ಅಂತಾರೆ. ಹೆಚ್ಚಿನ ಸಲ ಹೊಸದು ಬೇಕಾಗುವುದೇ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿ, 4 ಜಿಬಿ ಇರುವ ರ‍್ಯಾಮನ್ನು 8 ಮಾಡಿದರೆ ಇನ್ನೂ ಮೂರು ನಾಲ್ಕು ವರ್ಷ ಆರಾಮಾಗಿ ನಡೆಯುತ್ತದೆ. ಆದರೆ ಯಾವುದನ್ನು, ಎಷ್ಟಕ್ಕೆ ತರಬೇಕು ಅನ್ನುವಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ.

ಅದಕ್ಕೇ ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಪೆನ್ಸಿಲ್‌ನಲ್ಲಿ ಐದು ಗೆರೆ ಎಳೆದು ದಿನಾಂಕ, ಯಾವ ಜಾತಿ, ಎಷ್ಟು ಜಿಬಿ, ಬೆಲೆ, ವಾರಂಟಿ ಅಂತ ಬರೆಯುತ್ತೇನೆ. ಕೊನೆಗೆ ಕೆಂಪು ಪೆನ್ನಲ್ಲಿ ಒಂದು ಜಿಬಿಗೆ ಎಷ್ಟು ಬಿತ್ತು ಅಂತ ಬರೆದಿಡುತ್ತೇನೆ. ಆ ಕೆಂಪು ಅಂಕಿಯೇ ಮುಖ್ಯ. ಲೆಕ್ಕಕ್ಕೆ ಸುಮ್ನೆ ಒಂದು ಉದಾಹರಣೆ ಹೇಳುತ್ತೇನೆ. 256 ಜಿಬಿ ಎಸ್‌ಎಸ್‌ಡಿಗೆ 2,560 ರೂಪಾಯಿ, 512 ಜಿಬಿಗೆ 4,096 ರೂಪಾಯಿ ಅಂತ ಇಟ್ಟುಕೊಳ್ಳಿ. ಮೊದಲನೆಯದು ಅಗ್ಗ ಅಂತ ಕಾಣುತ್ತದೆ. ಆದರೆ ಅದು ಜಿಬಿಗೆ 10 ರೂಪಾಯಿ, ಎರಡನೆಯದು 8 ರೂಪಾಯಿ. ಸಾಮಾನ್ಯವಾಗಿ ತೀರಾ ಚಿಕ್ಕದರಲ್ಲೂ ತೀರಾ ದೊಡ್ಡದರಲ್ಲೂ ಜಿಬಿಗೆ ಬೆಲೆ ಜಾಸ್ತಿ, ನಡುವಿನದರಲ್ಲಿ ಕಡಿಮೆ. ಆ ನಡುವಿನದು ಯಾವುದು ಅನ್ನುವುದು ಆಗಾಗ ಬದಲಾಗುತ್ತದೆ, ಅದಕ್ಕೇ ಪ್ರತಿ ಸಲ ಲೆಕ್ಕ ಹಾಕಬೇಕು.

ಕಿರಾಣಿ ಅಂಗಡಿಯ ಪೊಟ್ಟಣ ನೋಡಿ. ಈಗ ಬೆಲೆಯ ಪಕ್ಕದಲ್ಲೇ ಒಂದು ಗ್ರಾಂಗೆ ಇಷ್ಟು ಪೈಸೆ ಅಂತ ಮುದ್ರಿಸುತ್ತಾರೆ. ಬಿಸ್ಕೆಟ್‌ಗೆ ಇರುವ ಆ ಅನುಕೂಲ ಸಾವಿರಾರು ರೂಪಾಯಿ ಕೊಟ್ಟು ತರುವ ಎಸ್‌ಎಸ್‌ಡಿಗೂ ಇರಬೇಕು ಅಲ್ವಾ?

ಆದರೆ ಜಿಬಿ ಲೆಕ್ಕ ಒಂದೇ ಸಾಲದು. ರಾಶಿಯ ಬೆಲೆಯನ್ನು ಗೊರಬಲಿನ ಬೆಲೆಗೆ ಹೋಲಿಸಿ ಇದು ದುಬಾರಿ ಅಂತ ಯಾರೂ ಹೇಳುವುದಿಲ್ಲ. ಇಲ್ಲೂ ಜಾತಿ ನೋಡಿಯೇ ಹೋಲಿಸಬೇಕು. ರ‍್ಯಾಮ್‌ನಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂತ ಒಂದಾದ ಮೇಲೊಂದು ಬಂದ ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ, ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪ್‌ಗೆ ಗಿಡ್ಡ ಪಟ್ಟಿ, ಡೆಸ್ಕ್‌ಟಾಪ್‌ಗೆ ಉದ್ದದ್ದು. ಹಳೆಯ ಡಿಡಿಆರ್3ರಲ್ಲೇ 1.5 ವೋಲ್ಟ್‌ನದು ಒಂದು, 1.35 ವೋಲ್ಟ್‌ನದು ಇನ್ನೊಂದು. ಕಡಿಮೆ ವೋಲ್ಟ್ ಕೇಳುವ ಲ್ಯಾಪ್‌ಟಾಪ್‌ಗೆ ಬರೀ 1.5 ವೋಲ್ಟ್‌ನ ಪಟ್ಟಿ ಹಾಕಿದರೆ ಅದು ಆನ್ ಆಗದೇ ಇರಬಹುದು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹೆಚ್ಚಿಸುವ ಮಾತೇ ಇಲ್ಲ. ಅಂಗಡಿಗೆ ಹೋಗುವ ಮೊದಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಭಾಗ ನೋಡಿದರೆ ಎಷ್ಟು ಸ್ಲಾಟ್ (ಪಟ್ಟಿ ಕೂರಿಸುವ ಜಾಗ) ಇದೆ, ಎಷ್ಟು ತುಂಬಿದೆ ಅಂತ ಅಲ್ಲೇ ತೋರಿಸುತ್ತದೆ. ಒಂದು ನಿಮಿಷದ ಕೆಲಸ.

ಎಸ್‌ಎಸ್‌ಡಿಯಲ್ಲೂ ಅಷ್ಟೇ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ನೋಡುವುದಕ್ಕೆ ಒಂದೇ ಥರ. ಆದರೆ ಅದು ಮಾಹಿತಿ ಸಾಗಿಸುವ ದಾರಿ ಎರಡು ಥರ, ಹಳೆಯ ಸಾಟಾ ಆದರೆ ಸೆಕೆಂಡಿಗೆ ಸುಮಾರು 550 ಎಂಬಿ, ಎನ್‌ವಿಎಂಇ ಆದರೆ 3,000 ದಾಟಬಹುದು. ಲ್ಯಾಪ್‌ಟಾಪ್‌ನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ತಿಳಿಯದೆ ಅಗ್ಗ ಅಂತ ತಂದರೆ ದುಡ್ಡು ದಂಡ. ಜೊತೆಗೆ ವಾರಂಟಿ ನೋಡಿ. ಮೂರು ವರ್ಷದ್ದಕ್ಕಿಂತ ಐದು ವರ್ಷದ್ದು ನೂರಿನ್ನೂರು ಜಾಸ್ತಿಯಾದರೂ ನಾನು ಐದರದ್ದೇ ತೆಗೆದುಕೊಳ್ಳಿ ಅಂತ ಹೇಳುತ್ತೇನೆ.

ಇನ್ನೊಂದು ದೂರು ಪದೇಪದೇ ಕೇಳುತ್ತೇನೆ. 1 ಟಿಬಿ, ಅಂದರೆ 1,000 ಜಿಬಿ, ತಂದರೆ ಕಂಪ್ಯೂಟರ್ 931 ಜಿಬಿ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದ ಅಂತ. ಮೋಸ ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. 512 ಜಿಬಿಯದು ಸುಮಾರು 476 ಅಂತ ಕಾಣುವುದೂ ಇದಕ್ಕೇ.

ನಿಜವಾದ ಮೋಸ ಬೇರೆ ಇದೆ. ಅದು ನಮ್ಮ ಪಕ್ಕದ ಮನೆಯಲ್ಲೇ ಆಯಿತು. ಅವರ ತಂದೆಗೆ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿಸಿದ್ದರು. ಫೋಟೊ, ವಿಡಿಯೊ ಎಲ್ಲ ಸೇರಿ ಜಾಸ್ತಿ ಆಯಿತು ಅಂತ ಆನ್‌ಲೈನ್‌ನಲ್ಲಿ 2 ಟಿಬಿ ಪೆನ್‌ಡ್ರೈವ್ ತರಿಸಿದರು, 699 ರೂಪಾಯಿಗೆ. ಎಲ್ಲವನ್ನೂ ಅದಕ್ಕೆ ಹಾಕಿ ಫೋನು, ಲ್ಯಾಪ್‌ಟಾಪ್ ಎರಡರಿಂದಲೂ ಅಳಿಸಿದರು. ಆರು ತಿಂಗಳಿಗೆ ಹಿರಿಯರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಇಡುವುದಕ್ಕೆ ಒಂದು ಫೋಟೊ ಬೇಕು ಅಂತ ತೆರೆದರೆ ಫೈಲ್‌ಗಳ ಹೆಸರು ಕಾಣುತ್ತದೆ, ಒಂದೂ ತೆರೆಯುವುದಿಲ್ಲ. ನನ್ನ ಹತ್ತಿರ ತಂದರು. ಪರೀಕ್ಷೆ ಮಾಡಿದೆ. ಒಳಗೆ ಇದ್ದದ್ದು 32 ಜಿಬಿ ಅಷ್ಟೇ. ಆ ಪೆನ್‌ಡ್ರೈವ್‌ನೊಳಗಿನ ಚಿಪ್ಪಿಗೆ 2 ಟಿಬಿ ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ, ಜಾಗ ಮುಗಿದ ಮೇಲೆ ಬಂದದ್ದೆಲ್ಲ ಎಲ್ಲೂ ಉಳಿಯುವುದಿಲ್ಲ ಅಥವಾ ಮೊದಲಿದ್ದದ್ದರ ಮೇಲೇ ಬರೆದುಕೊಂಡು ಹೋಗುತ್ತದೆ. ಶುರುವಿನ ಒಂದಿಷ್ಟು ಫೋಟೊ ಸಿಕ್ಕಿತು. ಹಿರಿಯರು ಕೂತು ಹರಸುತ್ತಿದ್ದ ವಿಡಿಯೊ ಸಿಗಲಿಲ್ಲ. ವಾಪಸ್ ಕೊಡುವ ಅವಧಿ ಯಾವತ್ತೋ ಮುಗಿದಿತ್ತು.

ಜಿಬಿಗೆ ಎಷ್ಟು ಅಂತ ಅವತ್ತೇ ಲೆಕ್ಕ ಹಾಕಿದ್ದರೆ ಅನುಮಾನ ಬರುತ್ತಿತ್ತು. 699ನ್ನು 2,000ದಿಂದ ಭಾಗಿಸಿದರೆ ಜಿಬಿಗೆ 35 ಪೈಸೆ. ಯಾವ ಕಾಲಕ್ಕೂ ಒಳ್ಳೆಯ ಪೆನ್‌ಡ್ರೈವ್ ಆ ಬೆಲೆಗೆ ಸಿಕ್ಕಿಲ್ಲ. ಪೇಪರಿನಲ್ಲಿ ವಾರವಾರ ಆ ಅಂಕಿ ಕಣ್ಣಿಗೆ ಬೀಳುತ್ತಿದ್ದರೆ ಯಾರಾದರೂ ಒಬ್ಬರು ಇದು ಹೇಗೆ ಸಾಧ್ಯ ಅಂತ ಕೇಳುತ್ತಿದ್ದರು. ಹೊಸ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ತಂದವರು ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ, ವಾಪಸ್ ಓದಿಸಿ ನೋಡಿ. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಸಾಕು. ದಯವಿಟ್ಟು ಮಾಡಿ.

ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಗ್ಗ ಅನ್ನುವ ಮಾತು ಇಲ್ಲಿಯವರಿಗೂ ಗೊತ್ತು. ನನ್ನ ಅಕ್ಕನ ಮಗ ಅಲ್ಲೇ ಕೆಲಸದಲ್ಲಿದ್ದಾನೆ. ಬಿಡುವಿದ್ದಾಗ ನಾಲ್ಕು ಅಂಗಡಿ ಸುತ್ತಿ ಫೋನ್ ಮಾಡುತ್ತಾನೆ. "ಮಾವ, ಒಂದೇ ಪೀಸಿಗೆ ಈ ತುದಿಯಲ್ಲಿ ಒಂದು ರೇಟು, ಆ ತುದಿಯಲ್ಲಿ ಒಂದು ರೇಟು. ಮೊದಲು ಬಿಲ್ ಬೇಕಾ ಬೇಡ್ವಾ ಅಂತ ಕೇಳ್ತಾರೆ" ಅಂತಾನೆ. ಕಂಪ್ಯೂಟರ್ ಬಿಡಿಭಾಗಕ್ಕೆ ಜಿಎಸ್‌ಟಿ 18 ಪರ್ಸೆಂಟ್. ಬಿಲ್ ಬೇಡ ಅಂದರೆ ಅಷ್ಟು ಉಳಿಯಿತು ಅಂತ ಅನಿಸುತ್ತದೆ. ಆದರೆ ಎರಡು ವರ್ಷಕ್ಕೆ ಎಸ್‌ಎಸ್‌ಡಿ ಕೈಕೊಟ್ಟಾಗ ಯಾವ ಕಾಗದ ತೋರಿಸುತ್ತೀರಿ? ಬಿಲ್ ಇಲ್ಲದ ರೇಟನ್ನು ನಾನು ನೋಟ್‌ಬುಕ್‌ಗೆ ಬರೆಯುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಕೇಳುತ್ತಾರೆ. ಬೇರೆ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ರ‍್ಯಾಮ್ ಆದರೆ ಪರೀಕ್ಷೆ ಮಾಡಿ ತೆಗೆದುಕೊಳ್ಳಬಹುದು, ಅದರಲ್ಲಿ ಸವೆಯುವ ಭಾಗ ಇಲ್ಲ. ಹಳೇ ಹಾರ್ಡ್ ಡಿಸ್ಕ್ ಮಾತ್ರ ಬೇಡ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ದರ ಅಡಿಕೆಗಿಂತ ಜೋರಾಗಿ ಏರಿಳಿಯುತ್ತದೆ. 2011ರಲ್ಲಿ ಥಾಯ್ಲೆಂಡ್‌ನಲ್ಲಿ ನೆರೆ ಬಂದು ಕಾರ್ಖಾನೆ ಮುಳುಗಿದ್ದಕ್ಕೆ ಜಗತ್ತಿನಲ್ಲೆಲ್ಲ ಹಾರ್ಡ್ ಡಿಸ್ಕ್ ದುಬಾರಿಯಾಗಿತ್ತು. ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳಿಗೆ ಮಾರಿದರೆ ಲಾಭ ಜಾಸ್ತಿ ಅಂತ ಅವು ಅತ್ತ ತಿರುಗಿದ ಮೇಲೆ 2025ರ ಕೊನೆಗೆ ನಮ್ಮಂಥವರು ಕೊಳ್ಳುವ ರ‍್ಯಾಮ್ ಬೆಲೆ ಮೇಲಕ್ಕೆ ಹೋಯಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಳೆಯದಾದ ಡಿಡಿಆರ್4 ಅಗ್ಗ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ತಯಾರಿ ಕಡಿಮೆ ಮಾಡುತ್ತಾರೆ ಅಂತ ಸುದ್ದಿ ಹಬ್ಬಿ 2025ರ ಮಧ್ಯದಲ್ಲಿ ಅದರ ಸಗಟು ಬೆಲೆ ಡಿಡಿಆರ್5ನ್ನೂ ದಾಟಿತ್ತು. ಇಂಥ ಹೊತ್ತಲ್ಲಿ ಅಂಗಡಿಯವನು ಹೇಳಿದ ಬೆಲೆ ಸರಿಯೋ ತಪ್ಪೋ ಅಂತ ಹಳ್ಳಿಯ ಹುಡುಗನಿಗೆ ಹೇಗೆ ತಿಳಿಯಬೇಕು?

ನಾನು ಕೇಳುತ್ತಿರುವುದು ದೊಡ್ಡ ಲೇಖನ ಅಲ್ಲ. ಆರು ಸಾಲು. ಲ್ಯಾಪ್‌ಟಾಪ್‌ನ ಡಿಡಿಆರ್4 8 ಜಿಬಿ, ಡಿಡಿಆರ್5 16 ಜಿಬಿ, ಸಾಟಾ ಎಸ್‌ಎಸ್‌ಡಿ 512, ಎನ್‌ವಿಎಂಇ 1 ಟಿಬಿ, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ 2 ಟಿಬಿ, ಪೆನ್‌ಡ್ರೈವ್ 64 ಜಿಬಿ. ಬಿಲ್ ಸಮೇತ ಕನಿಷ್ಠ, ಗರಿಷ್ಠ, ಪಕ್ಕದಲ್ಲಿ ಜಿಬಿಗೆ ಎಷ್ಟು. ಎಸ್.ಪಿ. ರೋಡಿನ ದರ ಒಂದು, ಶಿವಮೊಗ್ಗದ್ದೋ ಹುಬ್ಬಳ್ಳಿಯದ್ದೋ ಒಂದು ಇದ್ದರೆ ಬಸ್ ಚಾರ್ಜ್ ಕೊಟ್ಟು ಬೆಂಗಳೂರಿಗೆ ಹೋಗಬೇಕೋ ಇಲ್ಲೇ ತೆಗೆದುಕೊಳ್ಳಬೇಕೋ ಅಂತ ಮನೆಯಲ್ಲೇ ಕೂತು ತೀರ್ಮಾನಿಸಬಹುದು. ಶನಿವಾರದ ಪೇಪರಿನಲ್ಲಿ ಬಂದರೆ ಒಳ್ಳೆಯದು, ಹಾಸ್ಟೆಲ್‌ನಿಂದ ಮಕ್ಕಳು ಊರಿಗೆ ಬರುವುದು ಅವತ್ತೇ.

ಇಂತಿ,
ಒಬ್ಬ ಓದುಗ, ಸಾಗರ ತಾಲ್ಲೂಕು