ಮೈಸೂರ್ ಟ್ರಿಪ್: ಎಲ್ರೂ ಓದ್ಕೊಳ್ಳಿ

ಗಂಗೋತ್ರಿ ಬ್ಯಾಚ್‌ನವ್ರೆಲ್ಲಾ ಗಮನಿಸಿ, ಬರೋ ಶನಿವಾರ ಭಾನುವಾರ ಮೈಸೂರು ಫಿಕ್ಸ್. ಈ ಸಲ ನಾವು ಸ್ಟೂಡೆಂಟ್ಸ್ ಅಲ್ಲ ಟೂರಿಸ್ಟು, ಅಂದ್ರೆ ಕ್ಯಾಂಟೀನ್‌ನಲ್ಲೇ ಕೂತು ದಿನ ಕಳೆಯೋ ಹಾಗಿಲ್ಲ.

ಶನಿವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರೋಣ, ಅಲ್ಲಿಂದ ಹಾಗೇ ನಮ್ಮ ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸು, ಮಾನಸಗಂಗೋತ್ರಿ ಅಂತ ಹೆಸರಿಟ್ಟಿದ್ದು ಕುವೆಂಪು ಅಂತ ಮಕ್ಳಿಗೆ ಹೇಳಿ, ಅವ್ರಿಗೆ ಅದು ಬರೀ ಬಸ್ ಬೋರ್ಡ್ ಮೇಲಿನ ಹೆಸ್ರು. ಆಮೇಲೆ ಓರಿಯೆಂಟಲ್ ರಿಸರ್ಚ್ ಇನ್ಸ್ಟಿಟ್ಯೂಟ್ ಕಟ್ಟಡನ ಹೊರಗಿಂದಾದ್ರೂ ನೋಡ್ಲೇಬೇಕು ಅಂತ ನನ್ನ ಹಠ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಇದೇ ಸಂಸ್ಥೆಗೆ ಬಂದಿದ್ದು, ಅಲ್ಲೇ ಲೈಬ್ರೇರಿಯನ್ ಆಗಿದ್ದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕ್ಸಿದ್ರು, ನಾವು ಅದರ ಮುಂದೇನೇ ಸೈಕಲ್ ತುಳ್ಕೊಂಡು ಹೋಗ್ತಿದ್ವಲ್ಲ!

ಭಾನುವಾರ ಚಾಮುಂಡಿ ಬೆಟ್ಟ. ಮೆಟ್ಲು ಸಾವಿರದಷ್ಟಿದೆ, ಮಂಡಿ ನೋವಿರೋವ್ರು ಬಸ್ಸಲ್ಲಿ ಬನ್ನಿ, ಮುಜುಗರ ಬೇಡ, ನಂದಿ ಹತ್ರ ಸಿಗೋಣ. ಅರಮನೆಗೆ ಮಧ್ಯಾಹ್ನ, ಹಳೇದು 1897ರಲ್ಲಿ ಸುಟ್ಟೋದ್ಮೇಲೆ ಕಟ್ಟಿದ್ದು ಇದು, ಒಳಗೆ ಚಪ್ಪಲಿ ಬಿಡ್ಬೇಕು ಅದಕ್ಕೆ ಲೇಸ್ ಇರೋ ಶೂ ಬೇಡ. ಸಂಜೆ 7ಕ್ಕೆ ದೀಪ ಹಚ್ಚೋದು ನೋಡ್ಕೊಂಡೇ ಹೊರಡೋದು, ಜನ ಜಾಸ್ತಿ ಇರ್ತಾರೆ, ಮಕ್ಳ ಕೈ ಬಿಡ್ಬೇಡಿ.

ಸೋಮವಾರ ರಜೆ ಹಾಕಿ ಉಳ್ಕೊಳ್ಳೋವ್ರು ಝೂಗೆ ಅವತ್ತೇ ಹೋಗ್ಬಿಡಿ, ಮಂಗಳವಾರ ಬಾಗ್ಲು ಮುಚ್ಚಿರತ್ತೆ. ರೂಮ್ ಬೇಕಾದೋವ್ರು ಬುಧವಾರದೊಳಗೆ ಇಲ್ಲೇ ಹೆಸ್ರು ಹಾಕಿ, ಬರೀ ಥಂಬ್ಸಪ್ ಒತ್ತಿದ್ರೆ ಲೆಕ್ಕಕ್ಕಿಲ್ಲ.